ಜೆಸಿಕಾ ಕ್ಯಾಂಬೆಲ್: ಐಸ್ ಹಾಕಿ ಆಟಗಾರ್ತಿ ಎನ್‌ಎಚ್‌ಎಲ್ ಕೋಚ್ ಆದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಹಿಳಾ ಐಸ್ ಹಾಕಿ ಮಾತು ಬಂದಾಗಲೆಲ್ಲ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೆಲವು ಆಟದ ಬಗ್ಗೆ, ಜಾಸ್ತಿ ಜೆಸಿಕಾ ಕ್ಯಾಂಬೆಲ್ ಬಗ್ಗೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಆಟ ಹೊಸದಾದರೆ ಮೇಲಿನಿಂದ ಓದಿ, ಗೊತ್ತಿದ್ದರೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

## ಮೊದಲ ಪರಿಚಯ

ಯಾರಿವರು ಜೆಸಿಕಾ ಕ್ಯಾಂಬೆಲ್? ಹೆಸರೇ ಕೇಳಿಲ್ಲ.

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ರೋಕನ್‌ವಿಲ್ ಎಂಬ ಸಣ್ಣ ಊರಿನವರು. 1992ರಲ್ಲಿ ಹುಟ್ಟಿದವರು. ಕೆನಡಾ ತಂಡಕ್ಕೆ ಆಡಿದರು, ಆಮೇಲೆ ಸ್ಕೇಟಿಂಗ್ ಕಲಿಸುವವರಾದರು, ಅಲ್ಲಿಂದ ಜರ್ಮನಿಗೆ ಹೋಗಿ ಗಂಡಸರ ತಂಡದ ಕೋಚ್ ಆದರು. 2024ರ ಜುಲೈನಲ್ಲಿ ಸಿಯಾಟಲ್ ಕ್ರಾಕನ್ ತಂಡ ಅವರನ್ನು ಅಸಿಸ್ಟೆಂಟ್ ಕೋಚ್ ಆಗಿ ನೇಮಿಸಿತು. ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ಗಂಡಸರ ದೊಡ್ಡ ಲೀಗ್, ಪ್ರಪಂಚದಲ್ಲೇ ಎಲ್ಲಕ್ಕಿಂತ ಮೇಲಿನ ಮಟ್ಟದ್ದು. ಅಲ್ಲಿ ಪೂರ್ಣಾವಧಿ ಅಸಿಸ್ಟೆಂಟ್ ಕೋಚ್ ಆದ ಮೊದಲ ಮಹಿಳೆ ಇವರೇ.

ಐಸ್ ಹಾಕಿ ಒಂದು ಸಲವೂ ನೋಡಿಲ್ಲ. ಈ ಪುಟ ಅರ್ಥ ಆಗೋಕೆ ಎಷ್ಟು ಗೊತ್ತಿದ್ದರೆ ಸಾಕು?

ಸ್ವಲ್ಪ ಸಾಕು. ಒಂದೊಂದು ತಂಡದಿಂದ ಐಸ್ ಮೇಲೆ ಆರು ಜನ: ಗೋಲು ಕಾಯುವ ಒಬ್ಬರು ಗೋಲಿ, ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. 20 ನಿಮಿಷದ ಮೂರು ಪೀರಿಯಡ್. ಚೆಂಡಿಲ್ಲ, ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ ಇರುತ್ತದೆ, ಅದೇ ಪಕ್. ಯಾರೂ ಪೂರ್ತಿ ಹೊತ್ತು ಆಡುವುದಿಲ್ಲ. ಮುಕ್ಕಾಲು ನಿಮಿಷದ ಆಸುಪಾಸು ಮೈಮುರಿದು ಓಡಿ ಬೆಂಚಿಗೆ ಬರುತ್ತಾರೆ, ಆಟ ನಡೆಯುತ್ತಿರುವಾಗಲೇ ಬೇರೆಯವರು ಇಳಿಯುತ್ತಾರೆ. ಇದನ್ನು ಶಿಫ್ಟ್ ಅನ್ನುತ್ತಾರೆ. ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ ಕೂರಬೇಕು, ಆಗ ಎದುರಾಳಿಗೆ ಒಬ್ಬರು ಹೆಚ್ಚು. ಅದು ಪವರ್ ಪ್ಲೇ. ಈ ಎರಡು ಪದ ಮುಂದೆ ಮತ್ತೆ ಬರುತ್ತವೆ.

ಹೆಂಗಸರ ಆಟದ ನಿಯಮ ಬೇರೆನಾ?

ಬಹುಪಾಲು ಒಂದೇ. ದೊಡ್ಡ ವ್ಯತ್ಯಾಸ ಬಾಡಿ ಚೆಕಿಂಗ್, ಅಂದರೆ ಪಕ್ ಇರುವವರಿಗೆ ಮೈಯಿಂದ ಜೋರಾಗಿ ಢಿಕ್ಕಿ ಕೊಟ್ಟು ಕಿತ್ತುಕೊಳ್ಳುವುದು. 1990ರಲ್ಲಿ ಒಟ್ಟಾವಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದಕ್ಕೆ ಅವಕಾಶ ಇತ್ತು. ಆಮೇಲೆ ತೆಗೆದರು. ಈಗ ನಿಧಾನಕ್ಕೆ ವಾಪಸ್ ಬರುತ್ತಿದೆ: ಸ್ವೀಡನ್ನಿನ ಲೀಗ್ 2022ರಲ್ಲಿ ಅನುಮತಿ ಕೊಟ್ಟಿತು, ಉತ್ತರ ಅಮೆರಿಕದ ಮಹಿಳಾ ಲೀಗ್ ಪಿಡಬ್ಲ್ಯುಎಚ್‌ಎಲ್ ಕೂಡ ಮುಂಚಿಗಿಂತ ಜಾಸ್ತಿ ಮೈಕೈ ತಾಗುವ ಆಟಕ್ಕೆ ಬಿಡುತ್ತದೆ. ಢಿಕ್ಕಿ ಕಡಿಮೆ ಇದ್ದ ಆಟದಲ್ಲಿ ಬೆಳೆದವರು ಸ್ಕೇಟಿಂಗ್, ಪಾಸ್, ಜಾಗ ಹುಡುಕುವ ಕಣ್ಣು ಇವನ್ನೇ ನೆಚ್ಚಿಕೊಳ್ಳಬೇಕು. ಕ್ಯಾಂಬೆಲ್ ಮುಂದೆ ಕಲಿಸಿದ್ದೂ ಹೆಚ್ಚಾಗಿ ಇದನ್ನೇ, ಹಾಗಾಗಿ ಇದು ಸುಮ್ನೆ ನಿಯಮದ ವಿಷಯ ಅಲ್ಲ ಅಂತ ನನಗನ್ನಿಸುತ್ತದೆ.

ಒಲಿಂಪಿಕ್ಸ್‌ನಲ್ಲಿ ಯಾವಾಗಿನಿಂದ ಇದೆ?

1998ರ ನಗಾನೊದಿಂದ. ಮೊದಲ ಚಿನ್ನ ಅಮೆರಿಕಕ್ಕೆ, ಫೈನಲ್‌ನಲ್ಲಿ ಕೆನಡಾವನ್ನು 3-1ರಿಂದ ಸೋಲಿಸಿ. ಮುಂದಿನ ನಾಲ್ಕು ಚಿನ್ನ ಕೆನಡಾಕ್ಕೆ, 2018ರದ್ದು ಅಮೆರಿಕಕ್ಕೆ, 2022ರದ್ದು ಮತ್ತೆ ಕೆನಡಾಕ್ಕೆ. 2022ರವರೆಗೆ ಫೈನಲ್‌ಗೆ ಈ ಎರಡನ್ನು ಬಿಟ್ಟು ಬಂದ ದೇಶ ಒಂದೇ, 2006ರಲ್ಲಿ ಸ್ವೀಡನ್.

## ಆಟಗಾರ್ತಿಯಾಗಿ

ಅವರು ಎಲ್ಲೆಲ್ಲಿ ಆಡಿದರು? ದೊಡ್ಡ ಆಟಗಾರ್ತಿಯಾಗಿದ್ದರಾ?

ತುಂಬಾ ಒಳ್ಳೆಯ ಆಟಗಾರ್ತಿ. ಫಾರ್ವರ್ಡ್. 2010ರಲ್ಲಿ 18 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೆನಡಾ ಚಿನ್ನ ಗೆದ್ದಾಗ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಎನಿಸಿದವರು. ಅಲ್ಲಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು, ನಾಲ್ಕು ವರ್ಷ ಕಾಲೇಜು ಹಾಕಿ. 2014ರಲ್ಲಿ ಓದು ಮುಗಿಸಿ ಕೆನಡಾದ ಸಿಡಬ್ಲ್ಯುಎಚ್‌ಎಲ್ ಎಂಬ ಮಹಿಳಾ ಲೀಗ್‌ನ ಕ್ಯಾಲ್ಗರಿ ಇನ್‌ಫರ್ನೊ ತಂಡ ಸೇರಿದರು. 2015ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೆನಡಾ ಬೆಳ್ಳಿ ಗೆದ್ದಾಗ ತಂಡದಲ್ಲಿದ್ದರು. 2016ರಲ್ಲಿ ಕ್ಯಾಲ್ಗರಿ ತಂಡ ಮಾಂಟ್ರಿಯಲ್ ವಿರುದ್ಧ 8-3ರಿಂದ ಗೆದ್ದು ಲೀಗ್‌ನ ಟ್ರೋಫಿ ಕ್ಲಾರ್ಕ್‌ಸನ್ ಕಪ್ ಎತ್ತಿತು. 2017ರಲ್ಲಿ ಆಟ ಬಿಟ್ಟರು.

ಆಗ ಸಂಬಳ ಎಷ್ಟು ಬರುತ್ತಿತ್ತು?

ಅವರು ಸಿಡಬ್ಲ್ಯುಎಚ್‌ಎಲ್‌ನಲ್ಲಿ ಆಡಿದ ಅಷ್ಟೂ ಸೀಸನ್ ಲೀಗ್ ಆಟಗಾರ್ತಿಯರಿಗೆ ಸಂಬಳವನ್ನೇ ಕೊಡುತ್ತಿರಲಿಲ್ಲ. ದೇಶದ ಅತಿ ದೊಡ್ಡ ಲೀಗ್, ರಾಷ್ಟ್ರೀಯ ತಂಡದವರೇ ಆಡುವ ಲೀಗ್, ಆದರೂ ಹೊಟ್ಟೆಪಾಡಿಗೆ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಅಭ್ಯಾಸಕ್ಕೆ ಬರಬೇಕಿತ್ತು. ಅವರು ಬಿಟ್ಟ ಮರು ಸೀಸನ್, 2017-18ರಲ್ಲಿ, ಮೊದಲ ಸಲ ಭತ್ಯೆ ಅಂತ 2,000ದಿಂದ 10,000 ಕೆನಡಿಯನ್ ಡಾಲರ್ ಕೊಡಲು ಶುರು ಮಾಡಿದರು. ಅದು ಒಂದು ಇಡೀ ಸೀಸನ್ನಿಗೆ. 2019ರಲ್ಲಿ ಲೀಗೇ ಮುಚ್ಚಿತು.

ಅದೇ ಕಾಲದಲ್ಲಿ ಇನ್ನೊಂದು ಕಡೆ ಜಗಳ ನಡೆಯುತ್ತಿತ್ತು. 2017ರ ವಿಶ್ವ ಚಾಂಪಿಯನ್‌ಶಿಪ್ ಅಮೆರಿಕದಲ್ಲೇ ಇತ್ತು. ಸರಿಯಾಗಿ ದುಡ್ಡು, ಸವಲತ್ತು ಕೊಡದಿದ್ದರೆ ನಾವು ಆಡುವುದಿಲ್ಲ ಅಂತ ಅಮೆರಿಕದ ಆಟಗಾರ್ತಿಯರು ಪಟ್ಟು ಹಿಡಿದರು. ಟೂರ್ನಿಗೆ ಕೆಲವೇ ದಿನ ಇರುವಾಗ ಒಪ್ಪಂದ ಆಯಿತು. ಆಮೇಲೆ ಐಸಿಗಿಳಿದು ಚಿನ್ನವನ್ನೂ ಗೆದ್ದರು. ಈಗಿನ ಪಿಡಬ್ಲ್ಯುಎಚ್‌ಎಲ್ 2024ರ ಜನವರಿ 1ರಂದು ಆರು ತಂಡಗಳೊಂದಿಗೆ ಆಟ ಶುರು ಮಾಡಿದಾಗ ಕನಿಷ್ಠ ಸಂಬಳ 35,000 ಅಮೆರಿಕನ್ ಡಾಲರ್, ತಂಡದ ಸರಾಸರಿ 55,000 ಎಂದು ಆಟಗಾರ್ತಿಯರ ಸಂಘದ ಜೊತೆಗಿನ ಒಪ್ಪಂದದಲ್ಲೇ ಬರೆದಿತ್ತು. ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಕ್ಯಾಂಬೆಲ್ 25ಕ್ಕೇ ಬಿಡಬೇಕಾಗಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಪೀಳಿಗೆ ಕಳೆದುಕೊಂಡ ವರ್ಷಗಳಿಗೆ ಲೆಕ್ಕ ಇಟ್ಟವರಿಲ್ಲ.

ಒಲಿಂಪಿಕ್ಸೇ ಆಡಿಲ್ಲವಂತೆ. ಅಂಥವರು ಎನ್‌ಎಚ್‌ಎಲ್ ಆಟಗಾರರಿಗೆ ಏನು ಹೇಳಿಕೊಡುತ್ತಾರೆ?

ಹೌದು, ಒಲಿಂಪಿಕ್ಸ್ ಆಡಿಲ್ಲ. ಆದರೆ ಆಟದ ದಾಖಲೆ ನೋಡಿ ಕೋಚ್‌ನ ಬೆಲೆ ಕಟ್ಟುವುದು ಗಂಡಸರ ವಿಷಯದಲ್ಲೂ ಯಾವತ್ತೂ ಸರಿ ಬಂದಿಲ್ಲ. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದ ಹೆಡ್ ಕೋಚ್‌ಗಳು ಆ ಲೀಗ್‌ನ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿದ್ದಾರೆ, ಟ್ಯಾಂಪಾ ಬೇ ತಂಡದ ಜಾನ್ ಕೂಪರ್ ಅಂಥವರಲ್ಲೊಬ್ಬರು. ಅವರು ಮೊದಲು ವಕೀಲರಾಗಿದ್ದವರು. ಆಟಗಾರ ನೋಡುವುದು ಒಂದನ್ನೇ: ಇವರು ಹೇಳಿದ್ದು ಮಾಡಿದರೆ ನನ್ನ ಆಟ ಸುಧಾರಿಸುತ್ತದಾ? ಕ್ಯಾಂಬೆಲ್ ಬಳಿ ಆ ಪ್ರಶ್ನೆಗೆ ಉತ್ತರ ಇತ್ತು, ಅದು ಸ್ಕೇಟಿಂಗ್.

## ಕೋಚಿಂಗ್‌ಗೆ ಬಂದ ದಾರಿ

ಪವರ್ ಸ್ಕೇಟಿಂಗ್ ಅಂದ್ರೇನು? ಎನ್‌ಎಚ್‌ಎಲ್ ಆಟಗಾರರಿಗೆ ಸ್ಕೇಟಿಂಗ್ ಬರಲ್ವಾ?

ಬರುತ್ತದೆ, ಅದ್ಭುತವಾಗಿ ಬರುತ್ತದೆ. ಆದರೆ ಮೂರು ನಾಲ್ಕನೇ ವಯಸ್ಸಿಗೆ ಕಲಿತದ್ದು ಮೈಗೆ ಹತ್ತಿಬಿಟ್ಟಿರುತ್ತದೆ, ತಪ್ಪುಗಳ ಸಮೇತ.

ಸ್ಕೇಟಿನ ಅಡಿಯ ಬ್ಲೇಡ್ ಚಪ್ಪಟೆ ಅಲ್ಲ. ಉದ್ದಕ್ಕೆ ನಡುವೆ ಸಣ್ಣ ತೋಡು ಇರುತ್ತದೆ, ಅದರ ಎರಡೂ ಪಕ್ಕ ಚೂಪಾದ ಅಂಚು: ಒಳಅಂಚು, ಹೊರಅಂಚು. ತಿರುಗುವುದು, ನಿಲ್ಲುವುದು, ವೇಗ ಹಿಡಿಯುವುದು, ಎಲ್ಲವೂ ಯಾವ ಕ್ಷಣದಲ್ಲಿ ಯಾವ ಅಂಚಿನ ಮೇಲೆ ಎಷ್ಟು ಭಾರ ಹಾಕಿದಿರಿ ಅನ್ನುವುದರ ಮೇಲೆ ನಿಂತಿದೆ. ಮಂಡಿ ಚೆನ್ನಾಗಿ ಬಗ್ಗಿರಬೇಕು. ಕಾಲನ್ನು ನೇರ ಹಿಂದಕ್ಕೆ ಒದೆಯುವುದಲ್ಲ, ಪಕ್ಕಕ್ಕೆ ತಳ್ಳಬೇಕು, ತಳ್ಳಿದ ಕಾಲು ವಾಪಸ್ ಮೈಯ ಕೆಳಗೇ ಬರಬೇಕು. ಸುಸ್ತಾದಾಗ ಮೊದಲು ಹೋಗುವುದು ಮಂಡಿಯ ಬಾಗು. ಮೈ ನೆಟ್ಟಗಾಗುತ್ತದೆ, ತಳ್ಳು ಚಿಕ್ಕದಾಗುತ್ತದೆ, ಅದನ್ನು ಸರಿದೂಗಿಸಲು ಆಟಗಾರ ಜಾಸ್ತಿ ಸಲ ಕಾಲು ಆಡಿಸುತ್ತಾನೆ, ಇನ್ನೂ ಸುಸ್ತಾಗುತ್ತಾನೆ. ಶಿಫ್ಟಿನ ಕೊನೆಯ ಹತ್ತು ಸೆಕೆಂಡಿನಲ್ಲಿ ಗೋಲು ಬಿಟ್ಟುಕೊಡುವುದಕ್ಕೆ ಇದು ಒಂದು ದೊಡ್ಡ ಕಾರಣ.

ಪವರ್ ಸ್ಕೇಟಿಂಗ್ ಕೋಚ್ ಇದನ್ನೆಲ್ಲ ಬಿಡಿಸಿ ನೋಡಿ ಮತ್ತೆ ಕಟ್ಟುತ್ತಾರೆ. ಇದರಲ್ಲೂ ಎರಡು ಬಗೆ ಇದೆ. ಪಕ್ ಇಲ್ಲದೆ ಕೋನ್ ಸುತ್ತ ಸುತ್ತಿಸುವುದು ಒಂದು. ಪಂದ್ಯದಲ್ಲಿ ನಿಜವಾಗಿ ಬರುವ ಸನ್ನಿವೇಶ ತಂದು, ಎದುರಾಳಿ ಬೆನ್ನಿಗೆ ಅಂಟಿರುವಾಗ ಮೂಲೆಯಿಂದ ಪಕ್ ತೆಗೆದುಕೊಂಡು ಹೊರಬರುವುದು ಹೇಗೆ ಅಂತ ಅಂಚಿನ ಕೆಲಸವನ್ನು ಅಲ್ಲೇ ಕಲಿಸುವುದು ಇನ್ನೊಂದು. ಎರಡನೆಯದು ಬರುವವರು ಸ್ಕೇಟಿಂಗ್ ಟೀಚರ್ ಆಗಿ ಉಳಿಯುವುದಿಲ್ಲ, ಆಟದ ಕೋಚ್ ಆಗುತ್ತಾರೆ.

ಆಟ ಬಿಟ್ಟ ಮೇಲೆ ಎನ್‌ಎಚ್‌ಎಲ್‌ಗೆ ಹೇಗೆ ಹೋದರು? ಯಾರಾದರೂ ಪರಿಚಯ ಇದ್ದರಾ?

ಪರಿಚಯ ಕೆಲಸದಿಂದಲೇ ಆಯಿತು. 2017ರ ನಂತರ ಬ್ರಿಟಿಷ್ ಕೊಲಂಬಿಯಾದ ಕೆಲೋನಾದಲ್ಲಿ ಸ್ಕೇಟಿಂಗ್ ಕಲಿಸತೊಡಗಿದರು. ಅಲ್ಲಿನ ಹಾಕಿ ಅಕಾಡೆಮಿಯಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ. ಸ್ವಂತದ್ದೊಂದು ತರಬೇತಿ ಸಂಸ್ಥೆಯನ್ನೂ ಕಟ್ಟಿದರು. ಕೆಲೋನಾ ಬೇಸಿಗೆಯಲ್ಲಿ ಎನ್‌ಎಚ್‌ಎಲ್ ಆಟಗಾರರು ಬಂದು ನೆಲೆಸುವ ಊರು. 2020ರಲ್ಲಿ ಕೋವಿಡ್‌ನಿಂದ ಸೀಸನ್ ನಿಂತಾಗ ಲ್ಯೂಕ್ ಶೆನ್, ಡೇಮನ್ ಸೆವರ್‌ಸನ್ ತರಹದ ಅನುಭವಿ ಡಿಫೆನ್ಸ್ ಆಟಗಾರರು ಅವರ ಬಳಿ ಅಭ್ಯಾಸಕ್ಕೆ ಬಂದರು. ಅದೇ ವರ್ಷ ಕೆನಡಾದ ಟಿವಿಯಲ್ಲಿ ಹಾಕಿಯವರೂ ಫಿಗರ್ ಸ್ಕೇಟರ್‌ಗಳೂ ಜೋಡಿಯಾಗಿ ಸ್ಪರ್ಧಿಸುವ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡರು.

ಮುಂದಿನದು ಜರ್ಮನಿ. 2021-22ರಲ್ಲಿ ನ್ಯೂರೆಂಬರ್ಗ್ ಐಸ್ ಟೈಗರ್ಸ್ ಎಂಬ ಗಂಡಸರ ತಂಡ. 2022ರ ಗಂಡಸರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜರ್ಮನಿ ತಂಡದ ಅಸಿಸ್ಟೆಂಟ್ ಕೋಚ್, ಆ ಟೂರ್ನಿಯ ಬೆಂಚಿನಲ್ಲಿ ನಿಂತ ಮೊದಲ ಮಹಿಳೆ. ಅದೇ ಬೇಸಿಗೆಯಲ್ಲಿ ಕೊಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್ ಕರೆಯಿತು. ಇದು ಕ್ರಾಕನ್‌ನ ಕೆಳಹಂತದ ತಂಡ, ಆಡುವುದು ಎಎಚ್‌ಎಲ್‌ನಲ್ಲಿ. ಎನ್‌ಎಚ್‌ಎಲ್‌ಗೆ ಹುಡುಗರನ್ನು ತಯಾರು ಮಾಡುವ ಲೀಗ್ ಅದು. ಅಲ್ಲಿ ಹೆಡ್ ಕೋಚ್ ಡ್ಯಾನ್ ಬೈಲ್ಸ್‌ಮಾ, 2009ರಲ್ಲಿ ಪಿಟ್ಸ್‌ಬರ್ಗ್‌ಗೆ ಸ್ಟ್ಯಾನ್ಲಿ ಕಪ್ ಗೆಲ್ಲಿಸಿದವರು. ಕ್ಯಾಂಬೆಲ್‌ಗೆ ಫಾರ್ವರ್ಡ್‌ಗಳ ಮತ್ತು ಪವರ್ ಪ್ಲೇಯ ಹೊಣೆ. ತಂಡ ಹುಟ್ಟಿದ ಮೊದಲ ಸೀಸನ್ನಿನಲ್ಲೇ ಫೈನಲ್, ಹರ್ಷಿ ತಂಡದ ವಿರುದ್ಧ ಫೈನಲ್ ಸರಣಿಯ ಏಳನೇ ಪಂದ್ಯದ ಓವರ್‌ಟೈಮ್‌ನಲ್ಲಿ ಸೋಲು. 2024ರಲ್ಲಿ ಮತ್ತೆ ಫೈನಲ್, ಮತ್ತೆ ಹರ್ಷಿ, ಮತ್ತೆ ಸೋಲು. ಆದರೆ ಟೈ ಕಾರ್ಟಿ ತರಹದ ಹುಡುಗರು ಅಲ್ಲಿಂದ ಮೇಲಕ್ಕೆ ಹೋದರು. 2024ರಲ್ಲಿ ಬೈಲ್ಸ್‌ಮಾ ಸಿಯಾಟಲ್‌ನ ಹೆಡ್ ಕೋಚ್ ಆದಾಗ ಕ್ಯಾಂಬೆಲ್ ಕೂಡ ಜೊತೆಗೆ ಬಂದರು.

ಅಸಿಸ್ಟೆಂಟ್ ಕೋಚ್ ದಿನವಿಡೀ ಮಾಡೋದೇನು? ಬೆಂಚ್ ಹಿಂದೆ ನಿಲ್ಲೋದಷ್ಟೇನಾ?

ನಮಗೆ ಕಾಣಿಸುವುದು ಅಷ್ಟೇ. ಮುಕ್ಕಾಲು ಕೆಲಸ ಅದಕ್ಕೂ ಮುಂಚೆ ಮುಗಿದಿರುತ್ತದೆ. ಹಿಂದಿನ ಪಂದ್ಯದ ವಿಡಿಯೊ ಕತ್ತರಿಸಿ ಒಬ್ಬೊಬ್ಬ ಆಟಗಾರನಿಗೆ ಬೇಕಾದ ತುಣುಕು ತೆಗೆಯಬೇಕು. ಮುಂದಿನ ಎದುರಾಳಿ ಪವರ್ ಪ್ಲೇಯಲ್ಲಿ ಹೇಗೆ ನಿಲ್ಲುತ್ತಾರೆ, ಪಕ್ ಕಳೆದುಕೊಂಡಾಗ ಯಾರು ಮೊದಲು ಮುಗಿಬೀಳುತ್ತಾರೆ, ಅವರ ಗೋಲಿ ಯಾವ ಕಡೆ ತಡವಾಗಿ ಸರಿಯುತ್ತಾರೆ, ಇದೆಲ್ಲ ನೋಡಿ ಕೆಲವೇ ನಿಮಿಷದ ಮೀಟಿಂಗ್‌ಗೆ ಇಳಿಸಬೇಕು. ಬೆಳಗಿನ ಅಭ್ಯಾಸದ ಹಿಂದೆ ಮುಂದೆ ಒಬ್ಬಿಬ್ಬರನ್ನು ಐಸ್ ಮೇಲೆ ಉಳಿಸಿಕೊಂಡು ಒಂದೇ ಒಂದು ವಿಷಯದ ಮೇಲೆ ಕೆಲಸ.

ನನ್ನ ಕಣ್ಣಿಗೆ ಅಸಿಸ್ಟೆಂಟ್ ಕೋಚ್‌ನ ನಿಜವಾದ ತೂಕ ಇರುವುದು ಇಲ್ಲೇ. ಹೆಡ್ ಕೋಚ್ ಇವತ್ತು ಯಾರನ್ನು ಕೂರಿಸಬೇಕು, ಯಾರ ಆಟದ ಹೊತ್ತು ಕಡಿಮೆ ಮಾಡಬೇಕು ಅಂತ ತೀರ್ಮಾನ ಮಾಡುವವರು. ಬೇಜಾರಾದ ಹುಡುಗ ಅವರ ಬಳಿ ಮನಸ್ಸು ಬಿಚ್ಚುವುದು ಕಷ್ಟ. ಅಸಿಸ್ಟೆಂಟ್ ಹತ್ತಿರ ಬಿಚ್ಚುತ್ತಾನೆ.

ಬೆಂಚಿನಲ್ಲಿ ಮುಂದಿನ ಶಿಫ್ಟ್ ಯಾರದ್ದು ಎಂದು ಕೂಗುವುದು, ಈಗ ತಾನೇ ವಾಪಸ್ ಬಂದವನಿಗೆ ಟ್ಯಾಬ್ಲೆಟ್‌ನಲ್ಲಿ ಆ ಕ್ಷಣವನ್ನೇ ತೋರಿಸಿ ಎರಡು ಮಾತು ಹೇಳುವುದು. ಅದು ಎರಡೇ ಮಾತಾಗಿರಬೇಕು, ಉಸಿರು ಸಿಕ್ಕದವನ ತಲೆಗೆ ಮೂರನೆಯದು ಹೋಗುವುದಿಲ್ಲ. ಇದು ಎಂಬತ್ತಕ್ಕೂ ಹೆಚ್ಚು ಪಂದ್ಯಗಳ ಸೀಸನ್ ಪೂರ್ತಿ, ಊರಿಂದ ಊರಿಗೆ ಓಡಾಡುತ್ತಾ.

ಎನ್‌ಎಚ್‌ಎಲ್‌ನ ಮೊದಲ ಮಹಿಳಾ ಕೋಚ್ ಡಾನ್ ಬ್ರೇಡ್ ಅಲ್ವಾ? ಎರಡು ಕಡೆ ಎರಡು ಹೆಸರು ಓದಿದ್ದೇನೆ.

ಎರಡೂ ಸರಿ, ಹುದ್ದೆ ಬೇರೆ. 2016ರಲ್ಲಿ ಅರಿಜೋನಾ ಕೊಯೋಟೀಸ್ ಡಾನ್ ಬ್ರೇಡ್‌ರನ್ನು ಪೂರ್ಣಾವಧಿ ಸ್ಕೇಟಿಂಗ್ ಕೋಚ್ ಆಗಿ ತೆಗೆದುಕೊಂಡಿತು. ಕ್ಯಾಂಬೆಲ್ ಪಂದ್ಯದ ಹೊತ್ತಿನಲ್ಲಿ ಬೆಂಚ್ ಹಿಂದೆ ನಿಲ್ಲುವ ಅಸಿಸ್ಟೆಂಟ್ ಕೋಚ್. ಅವರ ಮೊದಲ ಎನ್‌ಎಚ್‌ಎಲ್ ಪಂದ್ಯ 2024ರ ಅಕ್ಟೋಬರ್ 8, ಸಿಯಾಟಲ್‌ನಲ್ಲಿ, ಸೇಂಟ್ ಲೂಯಿಸ್ ಬ್ಲೂಸ್ ವಿರುದ್ಧ. ಆ ದಿನ ಕ್ರಾಕನ್ 3-2ರಿಂದ ಸೋತಿತು. ಬ್ರೇಡ್ ಹೆಸರನ್ನು ಬಿಟ್ಟು ಈ ಕಥೆ ಹೇಳಬಾರದು. ಮಹಿಳೆಯ ಸ್ಕೇಟಿಂಗ್ ಪಾಠಕ್ಕೆ ಎನ್‌ಎಚ್‌ಎಲ್ ತಂಡವೊಂದು ಪೂರ್ಣಾವಧಿ ಸಂಬಳ ಕೊಡುತ್ತದೆ ಅಂತ ಮೊದಲು ತೋರಿಸಿದವರು ಅವರು.

ನೇರವಾಗಿ ಕೇಳ್ತೀನಿ, ಇದು ಪ್ರಚಾರಕ್ಕೆ ಮಾಡಿದ ನೇಮಕ ಅಲ್ವಾ? ಗಂಡಸರು ಇವರ ಮಾತು ಕೇಳ್ತಾರಾ?

ಅಲ್ಲ. ನೇಮಕದ ಹಿಂದಿನ ವರ್ಷಗಳನ್ನು ನೋಡಿ. ಪ್ರಚಾರ ಬೇಕಿದ್ದರೆ ತಂಡ ಇನ್ನೂ ಹೆಸರುವಾಸಿ ಆಟಗಾರ್ತಿಯನ್ನು ನೇರ ಮೇಲಕ್ಕೆ ತರುತ್ತಿತ್ತು. ಇವರನ್ನು ಎರಡು ಸೀಸನ್ ಕೆಳಗಿನ ಲೀಗ್‌ನಲ್ಲಿ ದುಡಿಸಿ, ಎರಡು ಸಲ ಫೈನಲ್‌ವರೆಗೆ ಹೋದದ್ದನ್ನು ನೋಡಿ, ಜೊತೆಗೇ ಕೆಲಸ ಮಾಡಿದ ಹೆಡ್ ಕೋಚ್ ಕೇಳಿ ಕರೆಸಿಕೊಂಡರು. ಗಂಡು ಅಸಿಸ್ಟೆಂಟ್‌ಗಳು ಬರುವುದೂ ಇದೇ ದಾರಿಯಲ್ಲಿ.

ಮಾತು ಕೇಳುವ ವಿಷಯ: ಕೆಲೋನಾಗೆ ಶೆನ್, ಸೆವರ್‌ಸನ್ ಬಂದಾಗ ಅವರಿಗೆ ಬರಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಒಬ್ಬ ಆಟಗಾರ ತನ್ನ ರಜೆಯಲ್ಲಿ ಯಾರ ಹತ್ತಿರ ಕಲಿಯಲು ಹೋಗುತ್ತಾನೆ ಅನ್ನುವುದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಯಾವುದಿದೆ?

## ಇನ್ನೂ ಒಳಹೊಕ್ಕು ಕೇಳುವವರಿಗೆ

ಬೈಲ್ಸ್‌ಮಾ ಕೆಲಸ ಹೋಯ್ತಲ್ಲ, ಇವರ ಗತಿ?

2024-25ರಲ್ಲಿ ಕ್ರಾಕನ್ ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತು, ತಲುಪಲಿಲ್ಲ. ಒಂದೇ ಸೀಸನ್ನಿಗೆ ಬೈಲ್ಸ್‌ಮಾರನ್ನು ತೆಗೆದರು, ಲೇನ್ ಲ್ಯಾಂಬರ್ಟ್ ಬಂದರು. ಹೊಸ ಹೆಡ್ ಕೋಚ್ ತಮ್ಮವರನ್ನು ತರುವುದು ಈ ವೃತ್ತಿಯಲ್ಲಿ ಮಾಮೂಲು. ಆದರೂ ತಂಡ ಕ್ಯಾಂಬೆಲ್‌ರನ್ನು ಉಳಿಸಿಕೊಂಡಿತು. ನನಗೆ ಇದು ಮೊದಲ ನೇಮಕಕ್ಕಿಂತ ದೊಡ್ಡ ಸುದ್ದಿ. ಕರೆತಂದವರು ಹೋದ ಮೇಲೂ ಉಳಿದರು ಅಂದರೆ ಅವರ ಕೆಲಸಕ್ಕೆ ಅದರದ್ದೇ ಬೆಲೆ ಇದೆ ಅಂತ ಅರ್ಥ.

ಇವರೊಬ್ಬರೇನಾ? ಬೇರೆ ಆಟಗಾರ್ತಿಯರು ಕೋಚ್ ಆಗಿಲ್ವಾ?

ಬೇಕಾದಷ್ಟು ಜನ, ದಾರಿಗಳು ಬೇರೆ ಬೇರೆ. ಕಾರ್ಲಾ ಮೆಕ್‌ಲಾಯ್ಡ್ ಕೆನಡಾ ಪರ 2006 ಮತ್ತು 2010ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಡಿಫೆನ್ಸ್ ಆಟಗಾರ್ತಿ. ಆಮೇಲೆ ಜಪಾನ್ ತಂಡದ ಅಸಿಸ್ಟೆಂಟ್, ಮುಂದೆ ಚೆಕ್ ಮಹಿಳಾ ತಂಡದ ಹೆಡ್ ಕೋಚ್. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪದಕವನ್ನೇ ಕಾಣದಿದ್ದ ಚೆಕ್ ತಂಡ ಅವರ ಕೈಕೆಳಗೆ 2022 ಮತ್ತು 2023ರಲ್ಲಿ ಕಂಚು ಗೆದ್ದಿತು. ಮಹಿಳಾ ಹಾಕಿಯಲ್ಲಿ ಕೋಚ್ ಒಬ್ಬರು ಏನು ಮಾಡಬಹುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇವರನ್ನೇ.

ಕೋರಿ ಶೆವೆರಿ ಟೊರಾಂಟೊ ಫ್ಯೂರೀಸ್‌ಗೆ ಆಡಿದವರು. 2016ರಲ್ಲಿ ಟೊರಾಂಟೊದ ರಯರ್ಸನ್ ವಿಶ್ವವಿದ್ಯಾಲಯದ ಗಂಡಸರ ತಂಡಕ್ಕೆ ಅಸಿಸ್ಟೆಂಟ್ ಕೋಚ್ ಆದರು, ಈಗ ಪಿಡಬ್ಲ್ಯುಎಚ್‌ಎಲ್‌ನ ಮಾಂಟ್ರಿಯಲ್ ತಂಡದ ಹೆಡ್ ಕೋಚ್ ಅಂತ ಹೆಸರು ಮಾಡಿದ್ದಾರೆ. ಲಾರಾ ಶುಲರ್ 1998ರ ಒಲಿಂಪಿಕ್ಸ್‌ನಲ್ಲಿ ಕೆನಡಾ ಆಟಗಾರ್ತಿ, 2018ರಲ್ಲಿ ಅದೇ ತಂಡದ ಹೆಡ್ ಕೋಚ್. ಎರಡೂ ಸಲ ಬೆಳ್ಳಿ.

ಇನ್ನು ಕೆಲವರು ಕೋಚಿಂಗ್ ಬದಲು ಕಚೇರಿ ಕಡೆ ಹೋದರು. ಅಮೆರಿಕದ ಕ್ಯಾಮಿ ಗ್ರಾನಾಟೊ 2019ರಲ್ಲಿ ಎನ್‌ಎಚ್‌ಎಲ್‌ನ ಮೊದಲ ಮಹಿಳಾ ಪ್ರೊ ಸ್ಕೌಟ್ ಆದರು, ಅಂದರೆ ಬೇರೆ ವೃತ್ತಿಪರ ತಂಡಗಳ ಆಟಗಾರರನ್ನು ಅಳೆದು ನೋಡುವವರು. ಕರೆದದ್ದು ಸಿಯಾಟಲ್ಲೇ, ಆಗ ಆ ತಂಡಕ್ಕೆ ಇನ್ನೂ ಹೆಸರೂ ಇಟ್ಟಿರಲಿಲ್ಲ. ನಾಲ್ಕು ಒಲಿಂಪಿಕ್ ಚಿನ್ನದ ಹೇಲಿ ವಿಕೆನ್‌ಹೈಸರ್ ಟೊರಾಂಟೊ ಮೇಪಲ್ ಲೀಫ್ಸ್‌ನಲ್ಲಿ ಆಟಗಾರರನ್ನು ಬೆಳೆಸುವ ವಿಭಾಗಕ್ಕೆ ಬಂದು ಅಸಿಸ್ಟೆಂಟ್ ಜನರಲ್ ಮ್ಯಾನೇಜರ್‌ವರೆಗೆ ಏರಿದರು, ಜೊತೆಜೊತೆಗೇ ಓದಿ ಡಾಕ್ಟರೂ ಆದರು.

ಹೆಂಗಸರ ತಂಡಗಳಿಗೇ ಗಂಡಸರು ಕೋಚ್ ಆಗಿರ್ತಾರಲ್ಲ, ಯಾಕೆ?

2022ರಲ್ಲಿ ಚಿನ್ನ ಗೆದ್ದ ಕೆನಡಾದ ಕೋಚ್ ಟ್ರಾಯ್ ರಯನ್. ಪಿಡಬ್ಲ್ಯುಎಚ್‌ಎಲ್ ಮೊದಲ ಸೀಸನ್ ಆಡಿದಾಗ ಆರು ಹೆಡ್ ಕೋಚ್‌ಗಳಲ್ಲಿ ಮೂವರು ಮಹಿಳೆಯರು: ಬಾಸ್ಟನ್‌ಗೆ ಕೋರ್ಟ್ನಿ ಕೆಸೆಲ್, ಮಾಂಟ್ರಿಯಲ್‌ಗೆ ಶೆವೆರಿ, ಒಟ್ಟಾವಾಗೆ ಮೆಕ್‌ಲಾಯ್ಡ್.

ಒಂದು ಕಾರಣ ದುಡ್ಡು. ಸಂಬಳವಿಲ್ಲದ ಲೀಗ್‌ನಲ್ಲಿ ಆಡಿ ಬಂದವರು ಮತ್ತೆ ಪುಡಿಗಾಸಿನ ಅಸಿಸ್ಟೆಂಟ್ ಕೆಲಸಕ್ಕೆ ಐದಾರು ವರ್ಷ ಕೊಡಲು ಆಗುವುದಿಲ್ಲ, ಬಾಡಿಗೆ ಕಟ್ಟಬೇಕಲ್ಲ. ಇನ್ನೊಂದು, ಗಂಡಸರಿಗೆ ಎರಡೂ ಕಡೆಯ ಕೆಲಸ ತೆರೆದಿದೆ, ಹೆಂಗಸರಿಗೆ ಬಹುಕಾಲ ಒಂದೇ ಕಡೆಯದ್ದು. ಒಳ್ಳೆಯ ಗಂಡು ಕೋಚ್ ಬೇಡ ಅಂತ ನಾನು ಹೇಳುತ್ತಿಲ್ಲ. ಬಾಗಿಲು ಎರಡೂ ಕಡೆ ತೆರೆಯಬೇಕು.

ನಾನೂ ಆಡುತ್ತೇನೆ, ಕೋಚ್ ಆಗುವ ಆಸೆ ಇದೆ. ಸರ್ಟಿಫಿಕೇಟ್ ಮೊದಲಾ, ಅನುಭವ ಮೊದಲಾ?

ಎರಡೂ ಒಟ್ಟಿಗೇ ನಡೆಯಲಿ. ಕೆನಡಾದಲ್ಲಿ ರಾಷ್ಟ್ರೀಯ ಕೋಚಿಂಗ್ ಪ್ರಮಾಣಪತ್ರದ ಹಂತಗಳಿವೆ, ಸಣ್ಣ ಮಕ್ಕಳಿಗೆ ಕಲಿಸುವುದರಿಂದ ಹೈ ಪರ್ಫಾರ್ಮೆನ್ಸ್‌ವರೆಗೆ. ಅಮೆರಿಕದ ಯುಎಸ್‌ಎ ಹಾಕಿಯಲ್ಲಿ ಐದು ಹಂತ. ಎನ್‌ಎಚ್‌ಎಲ್ ಕೋಚ್‌ಗಳ ಸಂಘ 2020ರಲ್ಲಿ ಮಹಿಳಾ ಕೋಚ್‌ಗಳಿಗಾಗಿಯೇ ಒಂದು ಕಾರ್ಯಕ್ರಮ ಶುರು ಮಾಡಿತು.

ಆದರೆ ಕಾಗದ ಬಾಗಿಲ ತನಕ ಕರೆದೊಯ್ಯುತ್ತದೆ ಅಷ್ಟೇ. ಆಡುವಾಗಲೇ ಒಂದು ವಿಷಯವನ್ನು ನಿಮ್ಮದಾಗಿಸಿಕೊಳ್ಳಿ. ಕ್ಯಾಂಬೆಲ್‌ಗೆ ಅದು ಸ್ಕೇಟಿಂಗ್. ನಿಮಗೆ ಫೇಸ್‌ಆಫ್ (ಆಟ ಶುರುವಾಗುವಾಗ ಇಬ್ಬರ ನಡುವೆ ಬೀಳುವ ಪಕ್ ಗೆಲ್ಲುವುದು) ಇರಬಹುದು, ಗೋಲಿ ಕೆಲಸ ಇರಬಹುದು, ವಿಡಿಯೊ ಇರಬಹುದು. ಎಂಟು ವರ್ಷದ ಮಕ್ಕಳಿಗೆ ಕಲಿಸಿ, ಅವರಿಗೆ ಅರ್ಥ ಮಾಡಿಸಲು ಬಂದರೆ ದೊಡ್ಡವರಿಗೂ ಬರುತ್ತದೆ, ಯಾಕೆಂದರೆ ಮಕ್ಕಳ ಮುಂದೆ ದೊಡ್ಡ ಪದಗಳು ನಡೆಯುವುದಿಲ್ಲ. ನೀವು ಮೈಯಿಂದ ಮಾಡುತ್ತಿದ್ದದ್ದನ್ನು ಮಾತಿನಲ್ಲಿ ಹೇಳುವುದೇ ಆಟಗಾರ್ತಿಯೊಬ್ಬಳಿಗೆ ಎಲ್ಲಕ್ಕಿಂತ ಕಷ್ಟದ ಹೊಸ ಪಾಠ. ಚಿಕ್ಕ ಲೀಗ್, ದೂರದ ದೇಶ ಅಂತ ಹಿಂಜರಿಯಬೇಡಿ. ನ್ಯೂರೆಂಬರ್ಗ್‌ಗೆ ಹೋಗದಿದ್ದರೆ ಕ್ಯಾಂಬೆಲ್‌ರ ಹೆಸರಿನ ಮುಂದೆ ಗಂಡಸರ ತಂಡದ ಬೆಂಚ್ ಅನುಭವ ಇರುತ್ತಿರಲಿಲ್ಲ.

ಎನ್‌ಎಚ್‌ಎಲ್‌ನಲ್ಲಿ ಮಹಿಳಾ ಹೆಡ್ ಕೋಚ್ ಯಾವಾಗ?

ವರ್ಷ ಹೇಳಲಾರೆ, ಯಾವ ಮೆಟ್ಟಿಲು ಬಾಕಿ ಇದೆ ಅಂತ ಹೇಳಬಲ್ಲೆ. ಎನ್‌ಎಚ್‌ಎಲ್ ಹೆಡ್ ಕೋಚ್ ಆಗುವವರು ಸಾಮಾನ್ಯವಾಗಿ ಮುಂಚೆ ಬೇರೆಲ್ಲೋ ತಂಡ ನಡೆಸಿರುತ್ತಾರೆ, ಎಎಚ್‌ಎಲ್‌ನಲ್ಲೋ ಕಾಲೇಜಿನಲ್ಲೋ ಜೂನಿಯರ್ ಲೀಗ್‌ನಲ್ಲೋ. ಬೈಲ್ಸ್‌ಮಾ ಕೂಡ ಸಿಯಾಟಲ್‌ಗೆ ಬಂದದ್ದು ಕೊಚೆಲ್ಲಾ ವ್ಯಾಲಿಯ ಹೆಡ್ ಕೋಚ್ ಕುರ್ಚಿಯಿಂದ. ಸೋತು ಬರುತ್ತಿರುವ ತಂಡವನ್ನು ಒಬ್ಬರೇ ಹೊತ್ತು, ಯಾರನ್ನು ಆಡಿಸಬೇಕು ಯಾರನ್ನು ಕೂರಿಸಬೇಕು ಅಂತ ದಿನಾ ತೀರ್ಮಾನ ಮಾಡಿದ ಅನುಭವವನ್ನು ಮಾಲೀಕರು ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಹಾಗಾಗಿ ಎಎಚ್‌ಎಲ್ ನೇಮಕಗಳ ಮೇಲೆ ಕಣ್ಣಿಡಿ. ಅಲ್ಲಿ ಕ್ಯಾಂಬೆಲ್‌ಗೋ ಶೆವೆರಿ ತರಹದವರಿಗೋ ಒಂದು ತಂಡವನ್ನು ಪೂರ್ತಿ ವಹಿಸಿಕೊಟ್ಟರೆ, ಎನ್‌ಎಚ್‌ಎಲ್ ಹೆಡ್ ಕೋಚ್ ಸಂದರ್ಶನಗಳ ಪಟ್ಟಿಯಲ್ಲಿ ಮಹಿಳೆಯ ಹೆಸರು ಬರಲು ಹೆಚ್ಚು ಸೀಸನ್ ಬೇಕಾಗುವುದಿಲ್ಲ.